ಬಿದಿರಿನ ಎಡರೆಕ್ಕೆ

ಎಡಗಿವಿಗೆ ಗಾಳಿ ಒಂಚೂರು ಹೆಚ್ಚಾಯಿತು, ಅಂದರೆ ನಾನು ಎಡಕ್ಕೆ ತಿರುಗಬೇಕು, ಎರಡೂ ಕಿವಿಯಲ್ಲಿ ಅದರ ಸದ್ದು ಒಂದೇ ಸಮ ಆಗುವ ತನಕ, ಹೂಂ, ಈಗ ಸರಿ, ಈಗ ನೇರ ಹಣೆಗೆ ಬಡಿಯುತ್ತಿದೆ, ಆಷಾಢದ ಪಡುವಣ ಗಾಳಿ, ಗದ್ದೆಗಳ ಮೇಲಿಂದ ಹಾದು ಬಂದು ಈ ಕುರುಗೋಡು ಗುಡ್ಡದ ಬಂಡೆಗೆ ಮುಖ ಒಡ್ಡಿದ ಕೂಡಲೇ ಬೇರೆ ದಾರಿ ಕಾಣದೆ ಮೇಲಕ್ಕೇರುವ ಗಾಳಿ, ಅಂಗಿಯ ಚುಂಗನ್ನು ಎತ್ತಿ ಎದೆಗೆ ಬಡಿಯುತ್ತದೆ, ಇದು ಸಾಕೇನೋ ಇಲಿಯಾಸ ಎಂದು ಹಿಂದಿನಿಂದ ಉಚ್ಚೆಂಗೆಪ್ಪ ಸಾವ್ಕಾರ ಕೇಳುತ್ತಾರೆ, ಇನ್ನೊಂದೀಟು ತಡೀರಿ ಎನ್ನುತ್ತೇನೆ, ಬಿಸಿಲು ಏರಿ ಕೆಳಗಿನ ಕಲ್ಲು ಕಾಯಲಿ, ಕಲ್ಲು ಕಾದರೆ ಗಾಳಿಗೆ ದಮ್ಮು ಬರುತ್ತದೆ, ಇದನ್ನು ನನಗೆ ಯಾರೂ ಹೇಳಿಕೊಟ್ಟಿಲ್ಲ, ಒಂದು ತಿಂಗಳಿಂದ ದಿನಾ ಬೆಳಗಿನ ನಮಾಜು ಮುಗಿಸಿ ಇಲ್ಲಿ ಬಂದು ಕೂತು ಕೇಳಿದ್ದೇನೆ, ಕೇಳುವುದೊಂದೇ ನನಗೆ ಬರುವ ವಿದ್ಯೆ, ಅಬ್ಬಾ ಹಾಡುವವರು, ನಾನು ಕೇಳುವವನು, ಮೊಹರಮ್ಮಿನ ಪೀರಲ ಹಬ್ಬದಲ್ಲಿ ಅವರು ರಿವಾಯತ್ ಪದ ಎತ್ತಿದರೆ ಮೂರು ಓಣಿಯ ಮಂದಿ, ಲಿಂಗಾಯತರು, ಬ್ಯಾಡರು, ನಮ್ಮವರು, ಎಲ್ಲ ಬಂದು ನಿಲ್ಲುತ್ತಿದ್ದರು, ಗೌಸಸಾಬಿಯ ಮಗ ಬಾಯೇ ಬಿಡೂದಿಲ್ಲಲ್ಲೋ ಎಂದು ನನ್ನನ್ನು ಆಡಿಸುತ್ತಿದ್ದರು, ಬಾಯಿ ಬಿಡದಿದ್ದರೇನು, ಪದವೆಲ್ಲ ಒಳಗೆ ಕೂತಿದೆ, ಹೊತ್ತವರ ಹೆಗಲೀಗೆ ಹೂವಾಗು ಡೋಲಿಯೆ, ಹತ್ತು ದಿನದಾಗ ಹಗುರಾಗು — ಬಿದಿರು ಸೀಳುವಾಗಲೆಲ್ಲ ಅಬ್ಬಾ ಕಟ್ಟಿದ ಆ ಸಾಲು ಕೈಯಲ್ಲಿ ಓಡಾಡುತ್ತದೆ, ಕತ್ತಿ ಅದರ ತಾಳಕ್ಕೆ ನಡೆಯುತ್ತದೆ, ಈ ವಿಮಾನದ ಎಡರೆಕ್ಕೆಯೂ ಆ ತಾಳದಲ್ಲೇ ಆದದ್ದು, ಹಾಗಾಗಿ ಹಾರುತ್ತದೆ, ಹಾರದೆ ಎಲ್ಲಿ ಹೋಗುತ್ತದೆ.

ಮೂರು ಲಕ್ಷ ಎಂಬತ್ತು ಸಾವಿರ. ಸಾವ್ಕಾರ ಮೊದಲ ದಿನ ವಿಮಾನದ ಪೆಟ್ಟಿಗೆ ನಮ್ಮ ಪಡಸಾಲೆಯಲ್ಲಿ ಇಳಿಸಿ ಆ ಬೆಲೆ ಹೇಳಿದಾಗ ನನ್ನ ಹೆಂಡತಿ ಆಯೇಶಾ ಚಾದ ಬಸಿ ಹಿಡಿದು ಬಾಗಿಲಲ್ಲೇ ನಿಂತಳು, ಎಂಜಿನ್ ಎಷ್ಟ್ ದೊಡ್ಡದೈತ್ರಿ ಇದರಾಗ ಎಂದು ಕೇಳಿದಳು, ಎಂಜಿನ್ ಇಲ್ಲಮ್ಮಾ ಎಂದರು ಸಾವ್ಕಾರ, ಎಂಜಿನ್ ಇಲ್ಲ, ಪಂಕಾ ಇಲ್ಲ, ಎಣ್ಣಿ ಇಲ್ಲ, ಬರೇ ಗಾಳಿ ಮ್ಯಾಲೆ ಹೊಕ್ಕೈತಿ, ನಾವು ಕೆಳಗ ನಿಂತು ರಿಮೋಟ್‌ಲೆ ತಿರುವೋದು ಅಷ್ಟ, ಆಯೇಶಾ ಚಾ ಇಟ್ಟು ಒಳಗೆ ಹೋಗಿ, ಎಂಜಿನ್ ಇಲ್ಲದ್ದಕ್ಕ ಇಷ್ಟು, ಇದ್ದಿದ್ರ ಇವರು ಬಳ್ಳಾರಿ ಕ್ವಾಟಿ ಮಾರಬೇಕಿತ್ತು ಎಂದು ಗೋಡೆಗೆ ಹೇಳಿದಳು, ಕೇಳಿಸಲಿ ಎಂದೇ ಹೇಳಿದ್ದು, ಸಾವ್ಕಾರರಿಗೆ ಕೇಳಿಸಿತು, ನಕ್ಕರು, ನಗುವ ಮನುಷ್ಯ, ಹದಿನೈದು ವರ್ಷದ ಹಿಂದೆ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಬೆನ್ನ ಮೇಲೆ ಚೀಲ ಹೊತ್ತವರು, ಆಮೇಲೆ ಲಾರಿ ಕ್ಲೀನರ್, ಆಮೇಲೆ ಡ್ರೈವರ್, ಚೀನಾದವರು ಅದಿರು ಕೇಳತೊಡಗಿದ ಮೇಲೆ ನೋಡನೋಡುತ್ತ ನಲವತ್ತು ಟಿಪ್ಪರ್, ಬಳ್ಳಾರಿಯಲ್ಲಿ ಕೋಟೆ ಗುಡ್ಡ ಕಾಣುವ ಮೂರಂತಸ್ತಿನ ಮನೆ, ಅವರ ಜೊತೆಯವರೆಲ್ಲ ಆ ರೊಕ್ಕದಲ್ಲಿ ಬಂಗಾರದ ಚೈನು ಕಾರು ಅಂತ ಬಿದ್ದರೆ ಇವರನ್ನು ಕಲ್ಲುಪುಡಿ ಮಾಡುವ ಮಷೀನು ತೋರಿಸಲು ಯಾರೋ ಜರ್ಮನಿಗೆ ಕರೆದುಕೊಂಡು ಹೋದರಂತೆ, ಅಲ್ಲಿ ಒಂದು ಹಸಿರು ಗುಡ್ಡದ ಮೇಲೆ ಮುದುಕರು ನಿಂತು ಸದ್ದಿಲ್ಲದ ವಿಮಾನ ಬಿಡುತ್ತಿದ್ದರಂತೆ, ಲಾರಿ ಸದ್ದು ಕೇಳಿ ಕೇಳಿ ಕಿವಿ ಸತ್ತಿದ್ದುವಲೇ ಇಲಿಯಾಸ, ಅಲ್ಲಿ ನಿಂತಾಗ ಅಳು ಬಂತು ನನಗ ಎಂದರು, ಹಾಗೆ ಹೇಳುವಾಗ ಅವರು ನನ್ನ ಕಡೆ ನೋಡಲಿಲ್ಲ, ಪೆಟ್ಟಿಗೆಯ ಕಡೆ ನೋಡಿದರು, ಅವತ್ತೇ ನನಗೆ ಈ ಮನುಷ್ಯನ ಮೇಲೆ ಪ್ರೀತಿ ಹುಟ್ಟಿತು, ಪೆಟ್ಟಿಗೆಯೊಳಗೆ ಬಿಳಿಯ ಮೈ, ಆಳುದ್ದಕ್ಕೂ ಮಿಕ್ಕಿದ ಬಲರೆಕ್ಕೆ, ಮತ್ತು ಮೊಣಕೈ ಮುರಿದಂತೆ ಎರಡಾಗಿ ತುದಿ ಪುಡಿಪುಡಿಯಾದ ಎಡರೆಕ್ಕೆ, ಮೊದಲ ದಿನವೇ, ಇದೇ ಬಂಡೆಯಿಂದ ಬಿಟ್ಟ ಮೊದಲ ಸಲವೇ, ಮೇಕೆ ಎರಡು ಕಾಲ ಮೇಲೆ ನಿಂತಂಗ ಎದ್ದು ನಿಂತು ಹಿಂದಕ್ಕ ಬಿತ್ತು ಎಂದರು, ಹೊಸ ರೆಕ್ಕೆಗೆ ಬೆಂಗಳೂರಿನ ಏಜೆಂಟ್ ಒಂದೂವರೆ ಲಕ್ಷ ಹೇಳಿದನಂತೆ, ನಾಲ್ಕು ತಿಂಗಳು ಕಾಯಬೇಕಂತೆ, ಜರ್ಮನಿಯಲ್ಲೊಬ್ಬ ಮುದುಕ ಕೈಯಿಂದ ಮಾಡುತ್ತಾನೆ, ವರ್ಷಕ್ಕೆ ಎಂಟೋ ಹತ್ತೋ, ಅವನ ಕೈ ಎಷ್ಟು ಓಡಿದರೆ ಅಷ್ಟು, ಅದಕ್ಕೇ ಹಬ್ಬಕ್ಕೆ ಬಿದಿರಿನ ಡೋಲಿ, ತಾಬೂತು ಕಟ್ಟುವ ನನ್ನ ಹತ್ತಿರ ತಂದದ್ದು.

ಮೈ ಎತ್ತಿ ಹೊರಗಿಟ್ಟಾಗ ಬಾಲದ ತುದಿಯಲ್ಲಿ ಕರಿದಾರಕ್ಕೆ ಕಟ್ಟಿದ ಒಂದು ಒಣಗಿದ ನಿಂಬೆಹಣ್ಣು, ಏಳು ಮೆಣಸಿನಕಾಯಿ. ನಾನು ಆಗಲೇ ತಿಳಿದುಕೊಂಡೆ. ಸಾವ್ಕಾರರ ಡ್ರೈವರ್ ಅಯ್ಯಣ್ಣ ಕಟ್ಟಿದ್ದು, ಹೊಸ ಗಾಡಿ ಬಂದರೆ ಕಾಯಿ ಒಡೆದು ವಿಭೂತಿ ಹಚ್ಚಿ ಹಿಂದೆ ಇಲ್ಲವೆ ಮುಂದೆ ನಿಂಬೆ ಕಟ್ಟದೆ ಒಂದು ಟಿಪ್ಪರನ್ನೂ ಅವನು ರೋಡಿಗೆ ಇಳಿಸಿದವನಲ್ಲ, ಮೂರು ಲಕ್ಷ ಎಂಬತ್ತು ಸಾವಿರದ ಗಾಡಿಗೆ ಕಟ್ಟದೆ ಬಿಟ್ಟಾನೆಯೆ, ಆದರೆ ಟಿಪ್ಪರಿಗೆ ಒಂದು ನಿಂಬೆ ಯಾವ ಲೆಕ್ಕ, ಇದಕ್ಕೆ ಲೆಕ್ಕ, ಬಾಲದಲ್ಲಿ ಕೂತ ನಿಂಬೆ ಅಂದರೆ ಏತದ ತುದಿಗೆ ಕೂತ ಮನುಷ್ಯ, ಮೂತಿ ಎತ್ತದೆ ಏನು ಮಾಡುತ್ತದೆ, ಹೊತ್ತ ಡೋಲಿಯ ಹಿಂದಿನ ಗೂಟಕ್ಕೆ ಯಾರಾದರೂ ಒಂದು ಹಾರ ಹೆಚ್ಚು ಹಾಕಿದರೆ ಮುಂದಿನವನ ಹೆಗಲಿಗೆ ತಟ್ಟನೆ ಗೊತ್ತಾಗುತ್ತದೆ, ಅಬ್ಬಾ ಕಣ್ಣು ಮುಚ್ಚಿಕೊಂಡು ಬಲಗಡೆ ಎರಡು ಮಲ್ಲಿಗೆ ದಂಡೆ ಹೆಚ್ಚಾಗ್ಯಾವ ತಗೀರಿ ಎನ್ನುತ್ತಿದ್ದರು. ಸಾವ್ಕಾರರಿಗೆ ಹೇಳಲಿಲ್ಲ. ಹೇಳಿದರೆ ಅಯ್ಯಣ್ಣನ ಕೆಲಸ ಹೋಗುತ್ತದೆ, ಅವನ ಭಕ್ತಿಗೂ ಹೊಡೆತ, ಭಕ್ತಿ ತಪ್ಪಲ್ಲ, ಕಟ್ಟಿದ ಜಾಗ ತಪ್ಪು, ನಿಂಬೆ ಬಿಚ್ಚಿ ಕಿಸೆಗೆ ಹಾಕಿಕೊಂಡೆ, ಸಾಯಂಕಾಲ ತುಳಿಯದ ಕಡೆ ಹುಗಿದೆ, ಸಾವ್ಕಾರರಿಗೆ ಒಂದೇ ಮಾತು ಹೇಳಿದೆ, ಮುರಿದ ಅರ್ಧ ನಾ ಕಟ್ಟಿ ಕೊಡ್ತೀನ್ರಿ, ಬಿದಿರಿಂದ. ಬಿದಿರಿಂದನಾ ಎಂದರು. ಬಿದಿರಿಂದ. ಅವರು ಬಹಳ ಹೊತ್ತು ನನ್ನ ಕೈ ನೋಡಿದರು, ಮುಖವನ್ನಲ್ಲ, ಹಮಾಲಿ ಮಾಡಿದವರು ಕೈ ನೋಡಿಯೇ ಮಂದಿಯನ್ನು ಅಳೆಯುವುದು, ಆಗಲಿ ಎಂದರು, ಆ ಆಗಲಿ ಎಂಬ ಮಾತಿನ ಮೇಲೆ ನಾನು ನಲವತ್ತು ದಿನ ಬದುಕಿದೆ, ಸಿರುಗುಪ್ಪದ ಬಿದಿರು ಅಡ್ಡೆಗೆ ಹೋಗಿ ಇನ್ನೂರು ಗಳ ತಟ್ಟಿ ತಟ್ಟಿ ಕೇಳಿದೆ, ಅಡ್ಡೆಯ ಎರ್ರಮ್ಮ ಎಲೆ ಅಡಿಕೆ ಜಗಿಯುತ್ತ, ಏನ್ ಸಾಬ, ಹೆಣ್ಣು ನೋಡಾಕ ಬಂದಿಯೋ ಗಳ ನೋಡಾಕ ಬಂದಿಯೋ ಎಂದಳು, ಎರಡಕ್ಕೂ ಕಿವಿನ ಬೇಕಲ್ಲವ್ವಾ ಎಂದೆ, ನಾನು ಆಡಿದ ಮಾತಿಗೆ ನಾನೇ ನಾಚಿದೆ, ಅವಳು ಬಿದ್ದು ಬಿದ್ದು ನಕ್ಕಳು, ಕೊನೆಗೆ ಒಂದು ಗಳ ಸಿಕ್ಕಿತು, ಉಗುರಿನಿಂದ ಬಡಿದರೆ ಗೆಣ್ಣಿನಿಂದ ಗೆಣ್ಣಿಗೆ ಒಂದೇ ಸ್ವರ.

ರೆಕ್ಕೆ ಮಾಡಿದ ಆ ಮುದುಕನನ್ನು ನಾನು ನೋಡಿಲ್ಲ, ಅವನ ಊರಿನ ಹೆಸರು ನನ್ನ ನಾಲಿಗೆಗೆ ತಿರುಗುವುದಿಲ್ಲ, ಆದರೆ ಮುರಿದ ರೆಕ್ಕೆಯನ್ನು ಬಿಚ್ಚಿ ಒಳಗೆ ನೋಡಿದ ದಿನ ಅವನು ನನ್ನ ಪಡಸಾಲೆಗೆ ಬಂದು ಕೂತಂತಾಯಿತು, ಹೊರಗಿನ ಚರ್ಮ ಉಗುರಿನಷ್ಟು ತೆಳು, ಒಳಗೆ ಕರಿಯ ನಾರಿನ ಬೆನ್ನೆಲುಬು, ಅದಕ್ಕೆ ನೂಲು ಸುತ್ತಿದ್ದಾನೆ, ಸುತ್ತಿನ ಪಕ್ಕ ಸುತ್ತು, ಒಂದರ ಮೇಲೊಂದು ಬೀಳದಂತೆ, ಯಾರೂ ಎಂದೂ ನೋಡದ ಕತ್ತಲಲ್ಲಿ, ಅಲ್ಲೊಂದು ಕಡೆ ಗಟ್ಟಿಯಾದ ಅಂಟಿನ ಮೇಲೆ ಹೆಬ್ಬೆಟ್ಟಿನ ಗುರುತು, ಗೆರೆಗಳು ಸ್ಪಷ್ಟ, ಆಯೇಶಾ ಬಾ ಇಲ್ಲಿ ಎಂದು ಕರೆದೆ, ಇದಕ್ಕ ನೋಡು ಅಷ್ಟು ಬೆಲಿ ಎಂದೆ, ಅವಳು ಬಗ್ಗಿ ನೋಡಿದಳು, ಬೆಟ್ಟಿನ ಗುರುತಿಗ ಏನ್ರೀ ಎಂದಳು, ಅಲ್ಲ, ಕಾಣದ ಜಾಗಕ್ಕ, ಕಾಣೋದನ್ನ ಎಲ್ಲರೂ ಚೆಂದ ಮಾಡ್ತಾರ ಎಂದೆ, ಮರುದಿನ ಅವಳು ತನ್ನ ಮದುವೆಯ ರೇಷ್ಮೆ ದುಪಟ್ಟಾ ತಂದು ನನ್ನ ಮುಂದಿಟ್ಟಳು, ರೆಕ್ಕಿಗ ಹೊದಿಸಾಕ ಪ್ಯಾಟಿ ಬಟ್ಟಿ ಭಾರ ಆಕ್ಕೈತಿ ಅಂದ್ರೆಲ್ಲ, ಇದು ಹಗುರೈತಿ ನೋಡ್ರಿ. ಅಬ್ಬಾ ತಾಬೂತಿನ ಒಳಮೈಗೂ ಬಣ್ಣದ ಕಾಗದದ ಹೂವು ಹಚ್ಚುತ್ತಿದ್ದರು, ಒಳಗ ಯಾರ್ ನೋಡ್ತಾರಬ್ಬಾ ಎಂದರೆ ನೋಡುವವನು ನೋಡುತ್ತಾನೆ ಎಂದು ಮೇಲೆ ನೋಡುತ್ತಿದ್ದರು, ಹತ್ತು ದಿನದ ನಂತರ ಅದನ್ನೇ ಹೊತ್ತು ನೀರಿಗೆ ಬಿಡುವುದು, ಎರಡು ತಿಂಗಳ ದುಡಿಮೆ ಒಂದು ಗುಳುಕ್ ಎಂಬ ಸದ್ದಿನಲ್ಲಿ ಮುಗಿಯುವುದು, ಕಣ್ಣೀರು ಹಾಕಿದರೆ ಬೈಯುತ್ತಿದ್ದರು, ಬಿಡಾಕ ಮಾಡಿದ್ದನ್ನ ಬಿಡಬೇಕು. ಈಗ ಅದೂ ಇಲ್ಲ, ಈ ಜನವರಿಯ ಹಬ್ಬಕ್ಕೆ ಕಮಿಟಿಯವರು ಬಳ್ಳಾರಿಯಿಂದ ರೆಡಿಮೇಡ್ ತಾಬೂತ್ ತಂದರು, ಫೈಬರಿಂದು, ಸುತ್ತ ಮಿಣುಕು ದೀಪ, ಹಬ್ಬ ಮುಗಿದ ಮೇಲೆ ಮಡಚಿ ಕೋಣೆಯಲ್ಲಿಟ್ಟು ಬೀಗ, ನನ್ನ ಅಣ್ಣನ ಮಗ ಅಜರುದ್ದೀನ್‌ನೇ ಮುಂದಾಳು, ಕಾಕಾ, ಎಲ್ಲರ ಕೈಯಾಗೂ ರೊಕ್ಕ ಆಡಾಕತ್ತಾವ, ಈಗ ಯಾರ್ ಬಿದಿರು ನೋಡ್ತಾರ ಹೇಳು ಎಂದ, ಒಳ್ಳೆಯ ಹುಡುಗ, ಬೇಕೆಂದು ನೋಯಿಸಲಿಲ್ಲ, ಬಳ್ಳಾರಿಯ ಜೀನ್ಸ್ ಯೂನಿಟ್ಟಿನಲ್ಲಿ ನನಗೆ ಕಾಜಾ ಹೊಡೆಯುವ ಕೆಲಸವನ್ನೂ ಅವನೇ ಹೇಳಿಟ್ಟಿದ್ದಾನೆ, ಬುಧವಾರದಿಂದ ಬಾ ಕಾಕಾ, ಪ್ಯಾಂಟಿಗೊಂದು ತೂತು, ಅದರ ಸುತ್ತ ದಾರ, ಅಷ್ಟ, ತಲಿ ಓಡಿಸೋದ ಬ್ಯಾಡ.

ಇವತ್ತು ಭಾನುವಾರ. ಸಾವ್ಕಾರ ಮಾತು ಕೊಟ್ಟಿದ್ದಾರೆ, ಇದು ಹಾರಿತು ಅಂದ್ರ ಇಂಥಾವು ನಾಕು ಬಿದಿರಿಂದ ನಿನ್ನ ಕೈಲೇ ಮಾಡಸ್ತೀನಿ, ನನ್ನ ಗೆಳ್ಯಾರು ಕೇಳಾಕತ್ತಾರ, ಸಿರುಗುಪ್ಪ ರೋಡಿನ ಶೆಡ್ಡು ನಿಂಗ, ಹಾರಲಿಲ್ಲಂದ್ರ ನಿನ್ನ ದಿನಗೂಲಿ ನಿನಗೈತಿ, ನಂಗ ಸಿಟ್ಟಿಲ್ಲ, ಆದ್ರ ಮುಂದಿಂದು ಕೇಳಬ್ಯಾಡ. ನ್ಯಾಯದ ಮಾತು. ಹಾರಿದರೆ ಕತ್ತಿ, ಹಾರದಿದ್ದರೆ ಕಾಜಾ. ಹೆದರಿಕೆ ಇದೆಯೇ ಎಂದು ನನ್ನನ್ನೇ ಕೇಳಿಕೊಳ್ಳುತ್ತೇನೆ, ಇಲ್ಲ, ಅಕ್ಕಸಾಲಿಗ ರಾಮಪ್ಪನ ತಕ್ಕಡಿಯಲ್ಲಿ ಎರಡೂ ರೆಕ್ಕೆ ತೂಗಿದ್ದೇನೆ, ನನ್ನದು ಮೊದಲು ಒಂದು ಗುಲಗಂಜಿ ಹೆಚ್ಚು ಬಂತು, ಬಿದಿರನ್ನು ಗಾಜಿನ ಚೂರಿನಿಂದ ಕೆರೆದೆ, ಆಮೇಲೆ ಮುಳ್ಳು ಅಲ್ಲಾಡದೆ ನಿಂತಿತು, ರಾಮಪ್ಪ, ಬಂಗಾರಕ್ಕೂ ನಾ ಇಷ್ಟು ನ್ಯಾಯ ಮಾಡಿಲ್ಲ ಮಾರಾಯಾ ಎಂದ — ಇಲಿಯಾಸಣ್ಣ ಎಂದು ಮೆಲ್ಲಗೆ ಯಾರೋ ಕರೆಯುತ್ತಾರೆ, ಅಯ್ಯಣ್ಣ, ಚೀಲದಿಂದ ಹೊಸ ನಿಂಬೆಹಣ್ಣು ತೆಗೆದಿದ್ದಾನೆ, ಮೆಣಸಿನಕಾಯಿ, ಕರಿದಾರ, ಹೋದ ಸಲ ದೃಷ್ಟಿ ಬಡೀತು, ಈ ಸಲ ದೊಡ್ಡದು ತಂದೀನಿ ಎನ್ನುತ್ತಾನೆ, ನಿಜಕ್ಕೂ ದೊಡ್ಡದು, ಮೋಸಂಬಿಯಷ್ಟು, ನನಗೆ ನಗು ಬರುತ್ತದೆ, ನಗುವುದಿಲ್ಲ, ಬಾರೋ ಅಯ್ಯಣ್ಣಾ ಎಂದು ವಿಮಾನದ ಹೊಟ್ಟೆಯಡಿಗೆ ಅವನ ಬೆರಳು ಹಿಡಿದು ಒಯ್ಯುತ್ತೇನೆ, ಎರಡೂ ರೆಕ್ಕೆಯ ಕೆಳಗೆ ಆ ಮುದುಕ ಹಾಕಿದ ಸಣ್ಣ ಸೀಸದಕಡ್ಡಿಯ ಗೀಟು ಇದೆ, ಇಲ್ಲಿ ಬೆರಳಿಟ್ಟು ಎತ್ತಿದರೆ ಮುಂದಕ್ಕೂ ವಾಲುವುದಿಲ್ಲ ಹಿಂದಕ್ಕೂ ವಾಲುವುದಿಲ್ಲ, ಇದರ ಜೀವ ಇರೋದು ಇಲ್ಲಿ, ಕಟ್ಟೋದಿದ್ರ ಇಲ್ಲಿ ಕಟ್ಟು, ಇದು ಬ್ಯಾಡ, ಸಣ್ಣದು ಐತೇನು, ಗಾಳಿಗ ಅಡ್ಡ ಆಗದಂಗ ಒಂದು ಸಣ್ಣದು. ಅವನು ಚೀಲ ಹುಡುಕಿ ಗೋಲಿಯಷ್ಟು ಮಿಡಿ ತೆಗೆದು, ಅಂಟುಪಟ್ಟಿ ಹಚ್ಚಿ, ಕೈ ಮುಗಿದು, ಹಿಂದೆ ಸರಿದು ನಿಲ್ಲುತ್ತಾನೆ, ಸಾವ್ಕಾರ ಎಲ್ಲ ನೋಡುತ್ತಿದ್ದವರು ಕೇಳುತ್ತಾರೆ, ಹೋದ ಸಲ ಎಲ್ಲಿ ಕಟ್ಟಿದ್ದೆಲೇ ಅಯ್ಯಣ್ಣ. ಬಾಲಕ್ರೀ. ಯಾವುದಕ್ಕ. ಬಾಲಕ್ರೀ, ಲಾರಿಗೆ ಕಟ್ಟಂಗ. ಸಾವ್ಕಾರ ಬಾಲ ನೋಡುತ್ತಾರೆ, ನನ್ನನ್ನು ನೋಡುತ್ತಾರೆ, ನಾನು ಬಂಡೆ ನೋಡುತ್ತೇನೆ, ನಿಂಗ ಗೊತ್ತಿತ್ತೇನು ಎನ್ನುತ್ತಾರೆ, ನಾನು ಸುಳ್ಳು ಹೇಳುವುದಿಲ್ಲ, ಗೊತ್ತಿತ್ರಿ, ಮತ್ತ್ಯಾಕ ಹೇಳಲಿಲ್ಲ, ಅಂವಾ ನಿಮ್ಮ ಒಳ್ಳೇದಕ್ಕ ಕಟ್ಟಿದ್ದರಿ. ಒಂದು ರೂಪಾಯಿ ನಿಂಬಿಹಣ್ಣಲೇ ಎನ್ನುತ್ತಾರೆ ಸಾವ್ಕಾರ, ಯಾರಿಗೋ ದೂರು ಹೇಳುವಂತೆ, ಜರ್ಮನಿ ಮುದುಕನಿಗ ನಾ ಫೋನ್ ಹಚ್ಚಿ ಬಯಿಸೀನಿ, ಪಾಪ, ಏನು ತಿಳಕಂಡನೋ — ಅಯ್ಯಣ್ಣನ ಮುಖ ಸುಣ್ಣವಾಗಿದೆ, ಸಾವ್ಕಾರ ಅವನ ಹೆಗಲ ಮೇಲೆ ಕೈ ಹಾಕಿ ಅಲುಗಿಸುತ್ತಾರೆ, ನಗುತ್ತಾರೆ, ಅಯ್ಯಣ್ಣ ನಗಲೋ ಬೇಡವೋ ಎಂದು ಅರ್ಧ ನಗುತ್ತಾನೆ.

ಈಗ ಎತ್ತುತ್ತೇನೆ, ಬಿಸ್ಮಿಲ್ಲಾ, ಎರಡೂ ಅಂಗೈ ಗೀಟಿನ ಹತ್ತಿರ, ತೋಳು ನೇರ ಮೇಲಕ್ಕೆ, ಹನ್ನೆರಡು ಅಡಿ ರೆಕ್ಕೆ ತಲೆಯ ಮೇಲೆ ಚಾಚಿಕೊಂಡಿದೆ, ಬೆನ್ನಿಗೆ ಬೆಳಗಿನ ಬಿಸಿಲು, ಮುಂದೆ ಹಾಸುಬಂಡೆಯ ಮೇಲೆ ನನ್ನ ನೆರಳು, ಆ ನೆರಳಿಗೆ ರೆಕ್ಕೆ ಇದೆ, ಐವತ್ತೆರಡು ವರ್ಷ ನೋಡಿದ ನೆರಳು, ಇಷ್ಟು ಅಗಲ ಎಂದೂ ಇರಲಿಲ್ಲ, ಬಲಕ್ಕೆ ಮುದುಕನ ರೆಕ್ಕೆ, ಎಡಕ್ಕೆ ನನ್ನದು, ನೆರಳಿನಲ್ಲಿ ಯಾವುದು ನಾರು ಯಾವುದು ಬಿದಿರು ಯಾವುದು ಮದುವೆಯ ದುಪಟ್ಟಾ ಹೇಳಲು ಬರುವುದಿಲ್ಲ, ಒಂದೇ ಕಪ್ಪು, ಹಿಂದೆ ಸಾವ್ಕಾರ ರಿಮೋಟಿನ ಕಡ್ಡಿ ಅಲ್ಲಾಡಿಸುತ್ತಾರೆ, ರೆಕ್ಕೆಯ ಅಂಚಿನ ಎಲೆಗಳು ಮೇಲೆ ಕೆಳಗೆ ಮಿಸುಕುತ್ತವೆ, ನೆರಳಿನಲ್ಲೂ ಮಿಸುಕುತ್ತವೆ, ಎಲ್ಲ ಸರಿ, ಬಿಡ್ಲೇನ್ರಿ ಎನ್ನುತ್ತೇನೆ, ಬಿಡ್ಲೇನ್ರಿ ಸಾವ್ಕಾರ್ರ, ತಡಿ ಎನ್ನುತ್ತಾರೆ, ಧ್ವನಿ ಬೇರೆಯಾಗಿದೆ, ತಡಿ ಇಲಿಯಾಸ, ಬ್ಯಾಡ, ಇಳಿಸು, ಮನಿಯಾಗ ಪಡಸಾಲ್ಯಾಗ ತೂಗುಹಾಕ್ತೀನಿ, ನೋಡಾಕರ ಇರಲಿ, ಇನ್ನೊಮ್ಮಿ ಬಿತ್ತು ಅಂದ್ರ ಉಳಿದದ್ದೂ ಹೊಕ್ಕೈತಿ, ನಿನ್ನ ಕೆಲಸ ಚೆಂದೈತಿ, ಒಪ್ಪಿಗಿ, ಕೂಲಿ ತಗಾ, ಇಳಿಸು. ಇದನ್ನು ನಾನು ಎಣಿಸಿರಲಿಲ್ಲ. ಬೀಳುವುದನ್ನು ಎಣಿಸಿದ್ದೆ, ತೇಲುವುದನ್ನು ಎಣಿಸಿದ್ದೆ, ತೂಗುಹಾಕುವುದನ್ನು ಎಣಿಸಿರಲಿಲ್ಲ, ತೂಗುಹಾಕಿದ ರೆಕ್ಕೆ ಗಟ್ಟಿಯೋ ಟೊಳ್ಳೋ ಯಾರು ಹೇಳುತ್ತಾರೆ, ಬೀಗ ಹಾಕಿದ ತಾಬೂತಿನ ಪಕ್ಕ ಇನ್ನೊಂದು, ಬುಧವಾರ ನಾನು ಬಳ್ಳಾರಿ ಬಸ್ಸು ಹತ್ತುವುದು, ಬೆಲೆ ಅಂದರೆ ಇದು, ಕೊಳ್ಳುವಾಗ ಕೊಡುವುದಲ್ಲ, ಕೊಂಡ ಮೇಲೆ ಕೈ ಬಿಗಿಯುವುದು, ಬಿಟ್ಟುಬಿಡಲೇ, ಬೆರಳು ಸಡಿಲಿಸಿದರೆ ಸಾಕು, ಗಾಳಿ ಒಯ್ಯುತ್ತದೆ, ತಪ್ಪಿತು ಎನ್ನಬಹುದು, ಇಲ್ಲ, ವಸ್ತು ಅವರದು, ಹೇಳದೆ ಬಿಟ್ಟರೆ ಕಳವು. ಸಾವ್ಕಾರ್ರ ಎನ್ನುತ್ತೇನೆ, ತೋಳು ಇಳಿಸುವುದಿಲ್ಲ, ಒಮ್ಮಿ ಇಲ್ಲಿ ಬಂದು ಕೈ ಕೊಡ್ರಿ, ಇಳಸಾಕ ಇಬ್ಬರು ಬೇಕೇನು ಎನ್ನುತ್ತ ಬರುತ್ತಾರೆ, ಇಳಸಾಕಲ್ಲ, ಬರೇ ಕೆಳಗ ಅಂಗೈ ಇಡ್ರಿ, ನಾ ನನ್ನ ಕೈ ಒಂದು ತಗೀತೀನಿ, ತೂಕ ನೋಡ್ರಿ, ನೀವು ಹಮಾಲಿ ಮಾಡಿದವರು, ನಿಮಗ ತಿಳಿತೈತಿ. ಅವರ ಅಂಗೈ ಬರುತ್ತದೆ, ಚೀಲ ಹೊತ್ತು ಗಟ್ಟಿಯಾದದ್ದು, ಉಂಗುರಗಳು ಅದರ ಮೇಲೆ ಬೇರೆಯವರವು ಎನ್ನುವಂತೆ ಕೂತಿವೆ, ನಾನು ಎಡಗೈ ತೆಗೆಯುತ್ತೇನೆ, ಗಾಳಿ ಕೆಳಗಿಂದ ಏರುತ್ತಿದೆ, ಅವರು ಭಾರಕ್ಕೆ ಕಾಯುತ್ತಾರೆ, ಭಾರ ಬರುವುದಿಲ್ಲ, ಇನ್ನೂ ಕಾಯುತ್ತಾರೆ, ಬಂಡೆಯ ಮೇಲೆ ಈಗ ಇಬ್ಬರ ನೆರಳು, ಒಂದೇ ಜೋಡಿ ರೆಕ್ಕೆ, ಭಾರಾನ ಇಲ್ಲಲೇ ಎನ್ನುತ್ತಾರೆ, ಬಹಳ ಸಣ್ಣ ದನಿಯಲ್ಲಿ, ನಾ ಹಿಡಿದಿಲ್ಲ, ಅದು ನನ್ನ ಕೈ ಎತ್ತಾಕತ್ತೈತಿ.

ಅವರು ಹಿಂದಕ್ಕೆ ಹೋಗಿ ರಿಮೋಟ್ ಹಿಡಿಯುವುದು ಕೇಳಿಸುತ್ತದೆ, ಕೊರಳಪಟ್ಟಿಯ ಕೊಂಡಿ ಟಿಕ್ ಎನ್ನುವುದು, ಕೆಮ್ಮುವುದು, ಕೆಳಗೆ ರಸ್ತೆಯಲ್ಲಿ ಕೆಂಪು ದೂಳೆಬ್ಬಿಸುವ ಲಾರಿಗಳ ಸಾಲು, ಅವುಗಳಲ್ಲಿ ಅವರವೂ ಇದ್ದಾವು, ಈಗ ಅವರಿಗೆ ಅವುಗಳ ಸದ್ದು ಕೇಳಿಸುತ್ತಿಲ್ಲ, ನನಗೆ ಗೊತ್ತು, ಬಿಡು ಎನ್ನುತ್ತಾರೆ, ಮತ್ತೊಮ್ಮೆ ಕೇಳುವುದಿಲ್ಲ ನಾನು, ಮೂರು ಹೆಜ್ಜೆ, ಎಸೆಯುವುದಿಲ್ಲ, ತಳ್ಳುವುದಿಲ್ಲ, ಅಂಗೈ ಬಿಚ್ಚುತ್ತೇನೆ ಅಷ್ಟೇ, ಅದು ಅಂಚು ದಾಟಿ ಕೆಳಕ್ಕೆ ಬೀಳುತ್ತದೆ, ಬೀಳುತ್ತದೆ, ಬಂಡೆಯ ಮರೆಗೆ ಹೋಗಿ ಕಾಣದಾಗುತ್ತದೆ, ಅಯ್ಯಣ್ಣ ಅವ್ವಾ ಎನ್ನುತ್ತಾನೆ, ನಾನು ಕೇಳುತ್ತೇನೆ, ಮುರಿದ ಸದ್ದು ಬರಬೇಕಲ್ಲ, ಬರುವುದಿಲ್ಲ, ಎಳೀರಿ, ಕಡ್ಡಿ ಸಣ್ಣಗ ಎಳೀರಿ ಎನ್ನುತ್ತೇನೆ, ಎಳೆದೆ, ಎಳೆದೀನಿ ಎನ್ನುತ್ತಾರೆ ಸಾವ್ಕಾರ, ಹಾವು ಸರಿದಂಥ ಒಂದು ಸಿಳ್ಳು ಕೆಳಗಿಂದ ಎಡಕ್ಕೆ ಹೋಗುತ್ತದೆ, ಎಡದಿಂದ ಮೇಲಕ್ಕೆ, ನನ್ನ ಬೆನ್ನ ಹಿಂದಕ್ಕೆ, ತಿರುಗಿ ನೋಡುವುದಿಲ್ಲ ನಾನು, ನೋಡಬೇಕಾಗಿಲ್ಲ, ಎಡರೆಕ್ಕೆ ನೋವಿಲ್ಲದೆ ಹಾಡುತ್ತಿದೆ, ಗೆಣ್ಣಿನಿಂದ ಗೆಣ್ಣಿಗೆ ಒಂದೇ ಸ್ವರ, ಹಿಂದೆ ಸಾವ್ಕಾರ ಅಳುತ್ತಿದ್ದಾರೋ ನಗುತ್ತಿದ್ದಾರೋ, ಲೇ ಇಲಿಯಾಸ ಎನ್ನುತ್ತಾರೆ, ಲೇ ಇಲಿಯಾಸ, ಬಿಸಿಲಿಗೆ ಅಡ್ಡವಾಗಿ ಏನೋ ಹಾಯುತ್ತದೆ, ಬಂಡೆಯ ಮೇಲೆ ನನ್ನ ನೆರಳಿಗೆ ಒಂದು ಕ್ಷಣ ಮತ್ತೆ ರೆಕ್ಕೆ ಮೂಡುತ್ತದೆ, ಬಿಟ್ಟು ಹೋಗುತ್ತದೆ, ಸುತ್ತು ಹಾಕಿ ಬರುತ್ತದೆ, ರೆಕ್ಕೆ ಮೂಡುತ್ತದೆ, ಬಿಟ್ಟು ಹೋಗುತ್ತದೆ, ಬಂಡೆಯ ಮೇಲೆ ಎರಡು ತೋಳು ಇನ್ನೂ ಮೇಲೆಯೇ ಇವೆ, ಅಂಗೈ ಬಿಚ್ಚಿಕೊಂಡು, ಅವುಗಳ ನಡುವೆ ಏನೂ ಇಲ್ಲ, ರೆಕ್ಕೆಯ ನೆರಳು ಅವುಗಳ ಮೇಲೆ ಹಾದು, ಅಂಚು ದಾಟಿ, ಗದ್ದೆಯ ಹಸಿರಿನ ಮೇಲೆ, ಕಾಲುವೆಯ ನೀರಿನ ಮೇಲೆ, ರೆಕ್ಕೆಯ ನೆರಳು —